ಗೊಣಗಿಗೊಂದು ಚಿಕ್ಕ ಕಾಯಿಲೆ

"ಸ್ವಾಮಿ ಮಾದಪ್ಪ, ನಮ್ ಗೊಣಗಿಗೆ ಒಂದು ಚಿಕ್ಕ ಕಾಯಿಲೆ ಬರಿಸಪ್ಪ. ದೊಡ್ಡದು ಬ್ಯಾಡ. ಸಾಯೋವಂಥದ್ದಂತೂ ಬ್ಯಾಡ್ವೇ ಬ್ಯಾಡ. ಕುಂಟೋದೋ, ಕೆಮ್ಮೋದೋ, ಅಷ್ಟಾದ್ರೆ ಸಾಕು."

ಮಂಗಳಗೌರಿ ದೇವರ ಗೂಡಿನ ಮುಂದೆ ಗಟ್ಟಿಯಾಗಿ ಕಣ್ಣು ಮುಚ್ಚಿ ನಿಂತಿದ್ದಳು. ಇಂಥದ್ದನ್ನು ಕೇಳಿದರೆ ಮಾದಪ್ಪ ಸಿಟ್ಟಾಗುತ್ತಾನೋ ಏನೋ ಎಂದು ಒಂದು ಕಣ್ಣು ತೆರೆದು ನೋಡಿದಳು. ಮಾದಪ್ಪ ಎಂದಿನಂತೆಯೇ ಇದ್ದ.

"ಏನೇ ಅದು, ಆವಾಗ್ಲಿಂದ ಒದರ್ತಾನೇ ಇದ್ದೀ?" ಎಂದು ಹಿಂದಿನಿಂದ ಅಜ್ಜಿ ಶಿವರುದ್ರಮ್ಮ ಕೇಳಿದಳು.

"ಎಲ್ಲಾರ್ಗೂ ಒಳ್ಳೇದ್ ಮಾಡು ಅಂತ ಕೇಳ್ತಿದ್ದೆ ಅಜ್ಜಿ."

"ಎಲ್ಲಾರ್ಗೂ ಅನ್ನೋಕೆ ಇಷ್ಟೊತ್ತು ಬೇಕಾ? ಎದ್ದೇಳು, ಗಾಡಿ ಹೊಂಟೋಯ್ತದೆ."

ಗೊಣಗಿ ಎಂದರೆ ಒಂದು ಕಡಸು. ಇನ್ನೂ ಕರು ಹಾಕದ, ಹರೆಯದ ಹಸು. ಅದು ಹುಟ್ಟಿದಾಗ ಅದರ ತಾಯಿಗೆ ಹಾಲೇ ಇರಲಿಲ್ಲ. ಮಂಗಳಗೌರಿ ಬಿದಿರಿನ ಗೊಟ್ಟದಲ್ಲಿ ರಾಗಿ ಗಂಜಿ ಕುಡಿಸಿ ಅದನ್ನು ಬದುಕಿಸಿದ್ದಳು. ಗಂಜಿ ಕುಡಿಯುವಾಗಲೂ, ಕುಡಿದ ಮೇಲೂ, ಯಾರೂ ಏನೂ ಮಾಡದಿದ್ದಾಗಲೂ ಅದು ಗಂಟಲಲ್ಲೇ "ಹ್ಞೂಂ... ಹ್ಞೂಂ..." ಎಂದು ಗೊಣಗುತ್ತಿತ್ತು. ಅದಕ್ಕೇ ಆ ಹೆಸರು.

ಗೊಣಗಿಗೆ ಒಂದು ಕೆಟ್ಟ ಚಟ ಇತ್ತು. ಬಟ್ಟೆ ಕಂಡರೆ ಅಗಿಯುವುದು. ಮಂಗಳಗೌರಿಯ ರಿಬ್ಬನ್ನು, ಅಜ್ಜಿಯ ಸೆರಗು, ಎಲ್ಲದರ ರುಚಿಯೂ ಅದಕ್ಕೆ ಗೊತ್ತಿತ್ತು. ಆಷಾಢಕ್ಕೆ ಮುಂಚೆ ಒಂದು ದಿನ ಶಾಲೆಯ ಮೇಷ್ಟ್ರು ಪಂಚೆಯನ್ನು ದಂಡೆಯ ಮೇಲಿಟ್ಟು ಕೆರೆಗೆ ಇಳಿದಿದ್ದರು. ಅವರು ಮುಳುಗಿ ಏಳುವಷ್ಟರಲ್ಲಿ ಪಂಚೆಯ ಅರ್ಧ ಗೊಣಗಿಯ ಹೊಟ್ಟೆಯೊಳಗಿತ್ತು. ಇನ್ನರ್ಧ ಬಾಯಲ್ಲಿತ್ತು. ನೀರಿಗೆ ಬಂದ ಹೆಂಗಸರು "ಏನ್ ಮೇಷ್ಟ್ರೇ, ಇನ್ನೂ ಆಗ್ಲಿಲ್ವಾ?" ಎಂದು ಕೇಳಿದಾಗ, ಕುತ್ತಿಗೆಯವರೆಗೆ ನೀರಲ್ಲಿ ನಿಂತ ಮೇಷ್ಟ್ರು "ಇಲ್ಲ, ಇವತ್ತು ಸೆಕೆ ಜಾಸ್ತಿ" ಎಂದರಂತೆ. ಆವತ್ತು ಜಡಿಮಳೆ.

ಅಲ್ಲಿಗೆ ಗೊಣಗಿಯ ಹಣೆಬರಹ ತೀರ್ಮಾನವಾಯಿತು. ಕಾಡಂಚಿನ ಆ ಕಡೆಯ ಊರುಗಳಲ್ಲಿ ರಾಗಿ ಬಿತ್ತಿದ ಮೇಲೆ ದನಗಳಿಗೆ ಊರಲ್ಲಿ ಜಾಗವಿಲ್ಲ. ಬಿಟ್ಟರೆ ಪೈರು ಮೇಯುತ್ತವೆ, ಕಟ್ಟಿದರೆ ಹುಲ್ಲಿಗೆ ಗತಿಯಿಲ್ಲ. ಹಾಗಾಗಿ ಉಳುವ ಎತ್ತು, ಹಾಲು ಕೊಡುವ ಒಂದು ಹಸುವನ್ನು ಇಟ್ಟುಕೊಂಡು ಉಳಿದವನ್ನು ಕಾಕನಕೋಟೆ ಕಾಡಿನ ದೊಡ್ಡಿಗೆ ಹೊಡೆಯುತ್ತಾರೆ. ಅಲ್ಲಿ ಅವು ಸುಗ್ಗಿಯವರೆಗೆ ಮನಸ್ಸು ಬಂದಲ್ಲಿ ಮೇದುಕೊಂಡಿರುತ್ತವೆ.

ಶಿವರುದ್ರಮ್ಮನ ಮನೆಯ ಕಾನೂನು ಬಲು ಸರಳ. ಗಟ್ಟಿಮುಟ್ಟಾಗಿರುವ ದನ ಕಾಡಿನಲ್ಲಿರಬೇಕು. ಕಾಯಿಲೆ ಬಿದ್ದ ದನ ಮನೆಗೆ ಬರಬೇಕು. ಅತ್ತು, ಊಟ ಬಿಟ್ಟು, ಕಂಬ ತಬ್ಬಿಕೊಂಡು ಕೂತರೂ ಈ ಕಾನೂನು ಬದಲಾಗುವುದಿಲ್ಲ. ಮಂಗಳಗೌರಿ ಮೂರನ್ನೂ ಮಾಡಿ ನೋಡಿದ್ದಳು.

ಈಗ ನಿಮಗೆ ಅವಳ ಪ್ರಾರ್ಥನೆ ಅರ್ಥವಾಗಿರಬೇಕು. ಗೊಣಗಿಯಿಲ್ಲದೆ ಅವಳಿಗೆ ಶಾಲೆಯಿಂದ ಮನೆಗೆ ಬರುವುದೇ ಬೇಸರವಾಗಿತ್ತು. ಬಾಗಿಲಲ್ಲಿ ಯಾರೂ ಗೊಣಗುತ್ತಿರಲಿಲ್ಲ. ರಿಬ್ಬನ್ನು ಒಣಗಿಯೇ ಇರುತ್ತಿತ್ತು.

ದೊಡ್ಡಿಗೆ ಹೋಗಿ ದನಗಳ ಯೋಗಕ್ಷೇಮ ನೋಡಿಕೊಂಡು ಬರುವುದು ಅಜ್ಜಿಯ ಕೆಲಸ. ಈ ವರ್ಷ ಅಜ್ಜಿಗೆ ಮಂಡಿ ನೋವು. ಅಪ್ಪ ಅಮ್ಮ ಇಬ್ಬರಿಗೂ ರಾಗಿ ಹೊಲದಲ್ಲಿ ಕೈತುಂಬ ಕೆಲಸ. ಉಳಿದವನು ಚಿಕ್ಕಪ್ಪ ಗಂಗಾಧರಪ್ಪ ಒಬ್ಬನೇ. ಅವನನ್ನು ಒಬ್ಬನನ್ನೇ ಕಳಿಸುವಂತಿರಲಿಲ್ಲ. ಹೋದ ವರ್ಷ ಅವನು ಪಕ್ಕದೂರಿನ ದನಗಳಿಗೆಲ್ಲ ಉಪ್ಪು ತಿನ್ನಿಸಿ ಬಂದು, "ನಮ್ಮವು ಫಸ್ಟ್‌ಕ್ಲಾಸಾಗವೆ" ಎಂದು ವರದಿ ಒಪ್ಪಿಸಿದ್ದ.

"ಗೌರೀನೂ ಕರ್ಕೊಂಡೋಗು. ಅವಳಿಗೆ ನಮ್ ದನದ ಮುಖ ಗೊತ್ತು" ಎಂದಳು ಅಜ್ಜಿ.

ಚಿಕ್ಕಪ್ಪ ಮುಖ ಗಂಟು ಹಾಕಿಕೊಂಡ. ಆಗ ದಸರಾ ರಜೆ. ಅವನ ಸ್ನೇಹಿತರೆಲ್ಲ ಎಕ್ಸಿಬಿಷನ್ ನೋಡಲು ಮೈಸೂರಿಗೆ ಹೊರಟಿದ್ದರು. ಅದಕ್ಕೆಂದೇ ಅವನು ಪೇಟೆಯ ದರ್ಜಿಯ ಹತ್ತಿರ ತಿಳಿನೀಲಿ ಬುಶ್‌ಶರ್ಟು ಹೊಲಿಸಿದ್ದ. ಕ್ರಾಪು ಬಿಡಿಸಿದ್ದ.

"ಮೊದ್ಲು ದನ ನೋಡ್ಕೊಂಡ್ ಬಾ. ಆಮೇಲೆ ಆನೆ ನೋಡೋವಂತೆ. ಆನೆ ಎಲ್ಲೂ ಓಡೋಗಕಿಲ್ಲ" ಎಂದಳು ಅಜ್ಜಿ. ಆಮೇಲೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಅಲ್ವೋ, ಕಾಡಿಗೆ ಹೊಸ ಅಂಗಿ ಯಾತಕ್ಕೋ?"

"ಮೈಗೆ ಸೆಟ್ ಆಗ್ಲಿ ಅಂತ ಕಣವ್ವ. ಡೈರೆಕ್ಟಾಗಿ ದಸರಾಕ್ಕೆ ಹಾಕ್ಕೊಂಡೋದ್ರೆ ಹೊಸದು ಅಂತ ಗೊತ್ತಾಗಿಬುಡ್ತದೆ."

ಅಜ್ಜಿ ಕಲ್ಲುಪ್ಪಿನ ಗೋಣಿಚೀಲವನ್ನು ಅಗಲವಾದ ತೇಗದ ಎಲೆಗಳಲ್ಲಿ ಸುತ್ತಿ, ಬಳ್ಳಿಯಿಂದ ಬಿಗಿದು, ಅವನ ಬೆನ್ನಿಗೆ ಹೊರಿಸಿದಳು. "ಮಳೆ ಬಂದ್ರೆ ಎಲೆ ತೆಗೀಬ್ಯಾಡ. ಉಪ್ಪಿಲ್ದೆ ಕಾಡು ದನ ಹತ್ರ ಬರಾಕಿಲ್ಲ. ಹತ್ರ ಬರ್ದಿದ್ರೆ ಏನ್ ನೋಡೀಯೆ? ತಿಳೀತಾ?"

"ತಿಳೀತು ತಿಳೀತು."

ಅವನಿಗೆ ತಿಳಿದಿರಲಿಲ್ಲ.

ಬಿದಿರು ತರಲು ಹೊರಟಿದ್ದ ಗಾಡಿಯೊಂದು ಅವರನ್ನು ಕಾಡಿನ ಬಾಯಲ್ಲಿ ಇಳಿಸಿತು. ಅಲ್ಲಿಂದ ನಡಿಗೆ. ಕಾಲುದಾರಿಯಲ್ಲಿ ಚಿಕ್ಕಪ್ಪ ಮಂಗಳಗೌರಿಯನ್ನು ಮುಂದೆ ಬಿಟ್ಟುಕೊಂಡ.

"ಹುಲಿ ಯಾವಾಗ್ಲೂ ಹಿಂದ್ಗಡೆಯಿಂದ ಬರ್ತದೆ. ಅದಕ್ಕೇ ನಾನು ಹಿಂದೆ ಇರ್ತೀನಿ" ಎಂದ.

ಸ್ವಲ್ಪ ದೂರ ಹೋದ ಮೇಲೆ ಎದುರಿಗೆ ಏನೋ ಸರಕ್ಕೆಂದಿತು. ಒಂದು ಕಾಡುಕೋಳಿ. ಅಷ್ಟರಲ್ಲಿ ಚಿಕ್ಕಪ್ಪ ಇನ್ನೂ ಹಿಂದೆ ಹೋಗಿದ್ದ.

ಮಂಗಳಗೌರಿಯ ಮನಸ್ಸು ಹುಲಿಯ ಮೇಲಿರಲಿಲ್ಲ. ಗೊಣಗಿ ಕುಂಟುತ್ತಾ ಬಂದರೆ ಏನೇನು ಮಾಡಬೇಕೆಂದು ಯೋಚಿಸುತ್ತಿದ್ದಳು. ಅರಿಸಿನ ಹಚ್ಚುವುದು, ಹುರುಳಿ ಬೇಯಿಸಿ ಹಾಕುವುದು, ಹೊದಿಯಲು ಗೋಣಿ ಹಾಕುವುದು. ಪಾಪ, ಕಾಲು ನೋಯುತ್ತಿದೆಯೋ ಏನೋ ಎಂದು ಈಗಲೇ ಮರುಕವೂ ಬಂತು. ತಾನೇ ಬೇಡಿಕೊಂಡ ಕಾಯಿಲೆಗೆ ತಾನೇ ಮರುಕ ಪಡುವುದು ಸ್ವಲ್ಪ ವಿಚಿತ್ರವೇ. ಆದರೆ ಅವಳಿಗೆ ಅದು ಹೊಳೆಯಲಿಲ್ಲ.

ಮಳೆ ಶುರುವಾಯಿತು. ಜೋರಲ್ಲ, ಬಿಡದೆ ಹಿಡಿಯುವ ಸೋನೆ. ಚಿಕ್ಕಪ್ಪ ಕಂಬಳಿಯನ್ನು ಮಡಿಸಿ ಕ್ರಾಪಿನ ಮೇಲೆ ಹಾಕಿಕೊಂಡ. ಇನ್ನೊಂದು ಫರ್ಲಾಂಗ್ ನಡೆದಿರಬಹುದು, "ಅಯ್ಯಯ್ಯೋ!" ಎಂದು ಕೂಗಿದ.

ಮಂಗಳಗೌರಿ ಬೆಚ್ಚಿ ತಿರುಗಿದಳು. "ಹುಲಿನಾ?"

"ಹುಲಿಯಲ್ಲ ಕಣೇ, ಬಣ್ಣ! ನೋಡಿಲ್ಲಿ!"

ಎಳೆಯ ತೇಗದ ಎಲೆಯನ್ನು ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಮಳೆ ನೀರು, ಬೆನ್ನಿನ ಉಜ್ಜಾಟ ಎರಡೂ ಸೇರಿ ಬುಶ್‌ಶರ್ಟಿನ ಹೆಗಲಿನ ಮೇಲೆ ರೂಪಾಯಿ ಅಗಲದ ಕೆಂಪು ಕಲೆ ಮೂಡಿತ್ತು. ಚಿಕ್ಕಪ್ಪ ಬಳ್ಳಿ ಕಿತ್ತು, ಎಲೆಯನ್ನೆಲ್ಲ ಪೊದೆಗೆ ಎಸೆದ.

"ಅಜ್ಜಿ ಎಲೆ ತೆಗೀಬ್ಯಾಡ ಅಂದಿದ್ರು, ಚಿಕ್ಕಪ್ಪ."

"ನಿಮ್ಮಜ್ಜಿಗೆ ಫ್ಯಾಷನ್ ಗೊತ್ತಾ? ನಾನ್‌ಸೆನ್ಸ್. ನಡಿ ಮುಂದೆ."

ನಡೆದರು. ಮಳೆಯೂ ಜೊತೆಗೇ ನಡೆಯಿತು. ಬಹಳ ಹೊತ್ತಿನ ಮೇಲೆ ಚಿಕ್ಕಪ್ಪ ಖುಷಿಯಿಂದ, "ನೋಡು ಗೌರಿ, ಮೈಗೆ ಅಭ್ಯಾಸ ಆಗ್ಬೇಕು ಅಷ್ಟೆ. ಮೊದ್ಲು ಎಷ್ಟು ಭಾರ ಅನ್ನಿಸ್ತಿತ್ತು. ಈಗ ಬೆನ್ನ ಮೇಲೆ ಏನೂ ಇಲ್ವೇನೋ ಅನ್ನೋ ಅಂಗದೆ" ಎಂದ.

ಬೆನ್ನ ಮೇಲೆ ನಿಜವಾಗಿಯೂ ಏನೂ ಇರಲಿಲ್ಲ. ಅದು ಗೊತ್ತಾಗಿದ್ದು ದೊಡ್ಡಿ ಮುಟ್ಟಿದ ಮೇಲೆ.

ಮುಳ್ಳುಬೇಲಿಯ ದೊಡ್ಡಿ, ಪಕ್ಕದಲ್ಲಿ ಹೊಗೆಯಾಡುವ ಒಂದು ಗುಡಿಸಲು. ದೊಡ್ಡಿ ನೋಡಿಕೊಳ್ಳುವ ಚಿಕ್ಕಬೀರಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಗಂಡ ಮಂಚಯ್ಯ ಹಾಲು ಕರೆಯುವ ಹಸುಗಳ ಹಿಂದೆ ಹೋಗಿದ್ದ. ಚಿಕ್ಕಬೀರಮ್ಮ ಗೋಣಿಚೀಲವನ್ನು ಇಸಿದುಕೊಂಡು ಕೈಯಲ್ಲಿ ತೂಗಿದಳು. ಆಮೇಲೆ ಬಾಯಿ ಬಿಚ್ಚಿ ಒಳಗೆ ನೋಡಿದಳು. ಆಮೇಲೆ ಚಿಕ್ಕಪ್ಪನ ಮುಖ ನೋಡಿದಳು.

"ಗಂಗಾದ್ರಪ್ನೋರೆ, ಉಪ್ಪೆಲ್ಲಿ?"

"ಅದ್ರಲ್ಲೇ ಅದೆ."

"ಇದ್ರಲ್ಲಿ ಗೋಣಿ ಅದೆ. ಉಪ್ಪು ದಾರಿ ಉದ್ದಕ್ಕೂ ಅದೆ!"

ಅವಳು ನಕ್ಕ ನಗುವಿಗೆ ಗುಡಿಸಲ ಮೇಲಿದ್ದ ಕೋಳಿ ಹಾರಿ ಕೆಳಗೆ ಬಿತ್ತು. ಚೀಲದ ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಉಳಿದಿತ್ತು. ಅದು ಒಂದು ಮಡಕೆ ಸಾರಿಗೆ ಸಾಕಾಗುತ್ತಿತ್ತು, ಒಂದು ಮಂದೆಗಲ್ಲ.

ಮಂಗಳಗೌರಿಗೆ ಅಳು ಬಂತು. "ಅಂಗಾದ್ರೆ ಗೊಣಗಿ ಬರಲ್ವಾ?"

"ಹಾಲ್ ಕರೆಯೋವು ಸಂಜೆಗೆ ದೊಡ್ಡಿಗ್ ಬತ್ತವೆ ಕಣವ್ವ. ನಿಮ್ಮ ಕಡಸು, ಗೊಡ್ಡು, ಓರಿಗಳು ಅಂಗಲ್ಲ. ಅಡ್ಲಲ್ಲೇ ತಿಂದು ಅಡ್ಲಲ್ಲೇ ಮಲಗ್ತವೆ. ಉಪ್ಪು ಕಂಡ್ರೆ ಮಾತ್ರ ಅವಕ್ಕೆ ನಮ್ ಗ್ಯಾನ. ಬಾ, ಕೂಗಿ ನೋಡಾನ."

ಅವಳು ಅಡ್ಲು ಎಂದದ್ದು ಹಡ್ಲು, ಎಂದರೆ ಕಾಡಿನ ನಡುವಿನ ಹುಲ್ಲುಬಯಲು. ಮರಗಳು ದಾರಿ ಬಿಟ್ಟು ಹಿಂದೆ ಸರಿದು ನಿಂತಿದ್ದವು. ಮಳೆ ನಿಂತು ಬಿಸಿಲು ಬಿದ್ದಿತ್ತು. ಬಯಲಿನ ಆಚೆ ತುದಿಯಲ್ಲಿ ದನಗಳು ಕಂಡವು. ಈಚೆ ಒಂದು ಹಾಸುಬಂಡೆ. ಉಪ್ಪು ಹಾಕುವುದು ಅದರ ಮೇಲೆ. ವರ್ಷಗಟ್ಟಲೆ ನೆಕ್ಕಿಸಿಕೊಂಡು ಅದು ನುಣ್ಣಗಾಗಿತ್ತು.

"ಬಾ ಬಾ ಬಾ ಹೋ..." ಎಂದು ಚಿಕ್ಕಬೀರಮ್ಮ ಕೂಗಿದಳು. ದನಗಳು ತಲೆ ಎತ್ತಿದವು. ಬಂಡೆಯ ಮೇಲೆ ಏನೂ ಇಲ್ಲವೆಂದು ನೋಡಿ ಮತ್ತೆ ತಲೆ ತಗ್ಗಿಸಿದವು.

"ಗೊಣಗೀ..." ಎಂದು ಮಂಗಳಗೌರಿ ಕೂಗಿದಳು. ಅವಳ ದನಿ ಅರ್ಧ ಬಯಲನ್ನೂ ದಾಟಲಿಲ್ಲ.

ಚಿಕ್ಕಪ್ಪ ಸುಸ್ತಾಗಿ ಹಾಸುಬಂಡೆಯ ಮೇಲೆ ಕೂತ. ಬೆನ್ನು ಬಿಸಿಲಿಗೆ ಕೊಟ್ಟ. ಕರಗಿದ ಉಪ್ಪೆಲ್ಲ ಎಲ್ಲಿ ಹರಿದಿತ್ತು ಎನ್ನುವುದು ಈಗ ಕಣ್ಣಿಗೆ ಕಂಡಿತು. ತಿಳಿನೀಲಿ ಬುಶ್‌ಶರ್ಟಿನ ಬೆನ್ನ ಮೇಲೆ, ಪ್ಯಾಂಟಿನ ಹಿಂಭಾಗದ ಮೇಲೆ, ತೊಡೆಯ ಮೇಲೆ ಬಿಳೀ ಬಿಳೀ ಗೆರೆಗಳು ಒಣಗುತ್ತಿದ್ದವು.

ಮೊದಲು ಬಂದದ್ದು ಒಂದು ಕರಿಯ ಹೋರಿ. ಗಾಳಿ ಆ ಕಡೆಗೆ ಬೀಸಿತ್ತೋ ಏನೋ. ಅದು ಮೂಗರಳಿಸಿಕೊಂಡು, ಸದ್ದಿಲ್ಲದೆ ಬಂದು, ಚಿಕ್ಕಪ್ಪನ ಹಿಂದೆ ನಿಂತಿತು. ಮೊಳದುದ್ದದ ನಾಲಗೆ ಚಾಚಿ ಸೊಂಟದಿಂದ ಕುತ್ತಿಗೆಯವರೆಗೆ ಒಂದೇ ಎಳೆತಕ್ಕೆ ನೆಕ್ಕಿತು.

"ಗೌರೀ, ಆಟ ಆಡ್ಬ್ಯಾಡ" ಎಂದ ಚಿಕ್ಕಪ್ಪ, ಕಣ್ಣು ಮುಚ್ಚಿಕೊಂಡೇ.

"ನಾನಿಲ್ಲಿದ್ದೀನಿ ಚಿಕ್ಕಪ್ಪ."

ಅವನು ತಿರುಗಿ ನೋಡಿ ಬಂಡೆಯ ಮೇಲೆ ಎದ್ದು ನಿಂತ. ಅಷ್ಟರಲ್ಲಿ ಇನ್ನೆರಡು ಬಂದಿದ್ದವು. ಹಿಂದೆಯೇ ನಾಲ್ಕು. ಆಮೇಲೆ ಇಡೀ ಮಂದೆ ಬಾಲ ಎತ್ತಿಕೊಂಡು ಬಯಲಿಗೆ ಬಯಲೇ ಎದ್ದು ಬಂದಂತೆ ಓಡಿ ಬಂತು.

"ಓಡ್ಬ್ಯಾಡಿ! ನಿಂತ್ಕಳಿ!" ಎಂದು ಚಿಕ್ಕಬೀರಮ್ಮ ಕಿರುಚಿದಳು. "ಓಡಿದ್ರೆ ತಳ್ಳಿ ಕೆಡವ್ತವೆ! ಅಂಗೇ ನಿಂತ್ಕಳಿ, ನಾವು ನೋಡ್ಕಬುಡ್ತೀವಿ!"

"ನಾನೇನು ಉಪ್ಪಿನ್ ಕಲ್ಲೇನಮ್ಮಾ?"

"ಇವತ್ತಿಗೆ ಊಂ ಕಣ್ರೀ!"

ಆವತ್ತು ಹಡ್ಲಿನಲ್ಲಿ ನಡೆದಂಥ ದನದ ತಪಾಸಣೆ ಹಿಂದೆಂದೂ ನಡೆದಿರಲಾರದು. ಬಂಡೆಯ ಮೇಲೆ ಚಿಕ್ಕಪ್ಪ ಎರಡೂ ಕೈ ಎತ್ತಿ ನಿಂತಿದ್ದ. ಸುತ್ತಲೂ ನಾಲಗೆಗಳು. ಬೆನ್ನು ನೆಕ್ಕುವವು, ತೋಳು ನೆಕ್ಕುವವು, ಜೇಬಿನೊಳಗೆ ಮೂತಿ ತೂರಿಸುವವು. "ಅಯ್ಯೋ... ಕಚಗುಳಿ... ಬ್ಯಾಡ ಕಣ್ರೇ... ಅವ್ವಾ, ಅಲ್ಲಿ ಬ್ಯಾಡ!" ಎಂದು ಅವನು ನಗುತ್ತಲೂ ಅಳುತ್ತಲೂ ಕುಣಿಯುತ್ತಿದ್ದ. ಒಂದು ಗುಂಡಿ ಕಿತ್ತು ಹೋಯಿತು, ಆಮೇಲೆ ಇನ್ನೊಂದು.

ಕೆಳಗೆ ಚಿಕ್ಕಬೀರಮ್ಮನೂ ಮಂಗಳಗೌರಿಯೂ ದನಗಳ ಕಾಲ ನಡುವೆ ನುಗ್ಗಿ ಕೆಲಸ ಮುಗಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿದೆಯೇ, ಮೂಗು ತಂಪಾಗಿದೆಯೇ, ಗೊರಸಿನ ಸಂದಿ ಒಡೆದಿದೆಯೇ ಎಂದು ನೋಡಬೇಕು. ಕಿವಿಯೊಳಗೆ, ಬಾಲದ ಬುಡದಲ್ಲಿ ರಕ್ತ ಹೀರುವ ಉಣ್ಣೆ ಇದ್ದರೆ ಕಿತ್ತು ಹಾಕಬೇಕು. ಕರಿಯ ಹೋರಿ ಅವರ ಮನೆಯದೇ. ಅದು ಗುಂಡುಕಲ್ಲಿನ ಹಾಗಿತ್ತು.

ಅವರ ಮನೆಯ ಮುದಿ ಹಸು ಚಂದ್ರಿಯೂ ಬಂತು. ಕುಂಟುತ್ತಾ ಬಂತು. ಹಿಂಗಾಲಿನ ಗೊರಸಿನ ಮೇಲೆ ಗಾಯವಾಗಿ ಹುಳ ಬಿದ್ದಿತ್ತು.

ಮಂಗಳಗೌರಿ ಹಲ್ಲು ಕಚ್ಚಿದಳು. ಮಾದಪ್ಪ ಕಾಯಿಲೆಯನ್ನೇನೋ ಕಳಿಸಿದ್ದ. ಅಡ್ರೆಸ್ಸು ತಪ್ಪಾಗಿತ್ತು.

ಅಷ್ಟರಲ್ಲಿ ಅವಳ ಕಿವಿಯ ಹಿಂದೆಯೇ "ಹ್ಞೂಂ..." ಎಂದು ಕೇಳಿತು. ಜಡೆ ಹಿಂದಕ್ಕೆ ಎಳೆದಂತಾಯಿತು. ತಿರುಗಿದರೆ ಗೊಣಗಿ! ಬಾಯಲ್ಲಿ ರಿಬ್ಬನ್ನಿನ ತುದಿ.

ಅವಳಿಗೆ ಒಂದು ಗಳಿಗೆ ಗುರುತೇ ಹತ್ತಲಿಲ್ಲ. ಗೊಣಗಿ ಅಷ್ಟು ಎತ್ತರವಾಗಿತ್ತು. ಮೈ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಮಂಗಳಗೌರಿ ಅದರ ಕುತ್ತಿಗೆ ತಬ್ಬಿಕೊಂಡಳು. ಗೊಣಗಿ ಗೊಣಗಿತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣೀರೂ ಬಂತು, ಮೂಗಿನ ನೀರೂ ಬಂತು. ಗೊಣಗಿ ಎರಡನ್ನೂ ನೆಕ್ಕಿ ಮುಗಿಸಿತು. ಅವೂ ಉಪ್ಪೇ ತಾನೆ.

ಆಮೇಲೆ ಮಂಗಳಗೌರಿ ಕೆಲಸಕ್ಕಿಳಿದಳು. ಕಣ್ಣು ನೋಡಿದಳು, ಚೆನ್ನಾಗಿತ್ತು. ಮೂಗು ತಂಪಾಗಿತ್ತು. ನಾಲ್ಕೂ ಗೊರಸು ಎತ್ತಿ ನೋಡಿದಳು. ಬಾಲ ಎತ್ತಿ ನೋಡಿದಳು. ಒಂದು ಉಣ್ಣೆಯಾದರೂ ಇರಬಾರದೇ! ಇಷ್ಟು ಆರೋಗ್ಯ ಯಾವ ದನಕ್ಕೂ ಇರಬಾರದು ಎಂದು ಅವಳಿಗೆ ಸಿಟ್ಟೇ ಬಂತು.

"ನಿಮ್ ಮುದುಕೀನ ಮನೆಗ್ ಒಡ್ಕೊಂಡೋಗ್ಬೇಕು ಕಣ್ರೀ" ಎಂದು ಚಿಕ್ಕಬೀರಮ್ಮ ಚಂದ್ರಿಯ ಗಾಯಕ್ಕೆ ಹೊಗೆಸೊಪ್ಪು ಅರೆದು ತುಂಬುತ್ತಾ ಹೇಳಿದಳು. "ಕಡಸು ಎಂಗದೆ ಗೌರವ್ವ?"

"ಕುಂಟ್ತದೆ" ಎಂದಳು ಮಂಗಳಗೌರಿ.

ಮಾತು ಬಾಯಿಂದ ಬಿದ್ದೇ ಹೋಗಿತ್ತು. ಅವಳ ಕಿವಿ ಬಿಸಿಯಾಯಿತು.

"ಕುಂಟ್ತದಾ? ಈಗ ಕುದ್ರೆ ಅಂಗೆ ಓಡ್ಬಂತಲ್ಲ. ಯಾವ್ ಕಾಲು?"

"ಎಡಗಾಲು. ಓಡುವಾಗ ಕುಂಟಲ್ಲ, ನಡೆಯುವಾಗ ಕುಂಟ್ತದೆ."

ಚಿಕ್ಕಬೀರಮ್ಮ ಗೊಣಗಿಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಂಡೆಯ ಮೇಲಿಂದ ಚಿಕ್ಕಪ್ಪ ಕೂಗಿದ: "ಕುಂಟಿದ್ರೆ ಕುಂಟ್ಲಿ! ಎರಡಕ್ಕೂ ಹಗ್ಗ ಹಾಕಿ, ಮೊದ್ಲು ನನ್ನ ಇಳಿಸ್ರೀ!"

ಮಂದೆಯನ್ನು ಬೆದರಿಸಿ ಅವನನ್ನು ಬಿಡಿಸಿದ್ದಾಯಿತು. ಶರ್ಟು ಒದ್ದೆಮುದ್ದೆಯಾಗಿತ್ತು. ಕೆಂಪು ಕಲೆ ಮಾತ್ರ ಹಾಗೇ ಇತ್ತು. ಚಿಕ್ಕಬೀರಮ್ಮ ದೊಡ್ಡಿಯಿಂದ ಎರಡು ಹಗ್ಗ ತಂದಳು. ಒಂದನ್ನು ಚಂದ್ರಿಗೆ ಹಾಕಿ, ಇನ್ನೊಂದನ್ನು ಮಂಗಳಗೌರಿಯ ಕೈಗೆ ಕೊಟ್ಟಳು.

ಮಂಗಳಗೌರಿ ಹಗ್ಗವನ್ನು ಗೊಣಗಿಯ ಕುತ್ತಿಗೆಗೆ ಸುತ್ತಿದಳು. ಗಂಟು ಹಾಕಲು ಬೆರಳು ತೂರಿಸಿದಾಗ ಮೆತ್ತಗೆ ಏನೋ ತಾಕಿತು.

ಕೂದಲು.

ಆ ಜಾಗದಲ್ಲಿ ಕೂದಲು ಇರುತ್ತಿರಲಿಲ್ಲ. ಮನೆಯಲ್ಲಿ ಗೂಟಕ್ಕೆ ಕಟ್ಟುತ್ತಿದ್ದ ಹಗ್ಗ ಗೊಣಗಿಯ ಕುತ್ತಿಗೆಯನ್ನು ಉಜ್ಜಿ ಉಜ್ಜಿ ಬೋಳು ಮಾಡಿತ್ತು. ಬೇಸಗೆಯಲ್ಲಿ ಅದು ಕೆಂಪಾಗಿ ಒಸರುತ್ತಲೂ ಇತ್ತು. ಮಂಗಳಗೌರಿ ದಿನಾ ಸಂಜೆ ಅಲ್ಲಿಗೆ ಅರಿಸಿನ ಹಚ್ಚುತ್ತಿದ್ದಳು. ಹಚ್ಚಿ, ಮತ್ತೆ ಅಲ್ಲೇ ಹಗ್ಗ ಬಿಗಿಯುತ್ತಿದ್ದಳು. ದನದ ಕುತ್ತಿಗೆ ಇರುವುದೇ ಹಾಗೆ ಎಂದುಕೊಂಡಿದ್ದಳು.

ಈಗ ಅಲ್ಲಿ ಕಲೆಯೂ ಇರಲಿಲ್ಲ. ಎಳೆಯ, ಹೊಸ ಕೂದಲು ದಟ್ಟವಾಗಿ ಬಂದಿತ್ತು. ಅವಳು ಬೆರಳಿನಿಂದ ಅದನ್ನು ಹಿಂದೆ ಮುಂದೆ ಸವರಿದಳು.

"ಎಳಿಯೇ, ಹೊತ್ತಾಯ್ತು" ಎಂದ ಚಿಕ್ಕಪ್ಪ.

ಅವಳು ಎಳೆದಳು. ಗೊಣಗಿ ಜಗ್ಗಾಡುತ್ತದೆ, ಒದೆಯುತ್ತದೆ, ಕೂತು ಬಿಡುತ್ತದೆ ಎಂದು ಅವಳು ಎಣಿಸಿದ್ದಳು. ಗೊಣಗಿ ಹಾಗೇನೂ ಮಾಡಲಿಲ್ಲ. ಹಗ್ಗ ಬಿಗಿಯಾದದ್ದೇ ತಲೆ ತಗ್ಗಿಸಿತು. ಕಿವಿ ಇಳಿಬಿಟ್ಟಿತು. ಮನೆಯ ಗೂಟದ ಬಳಿ ನಿಲ್ಲುತ್ತಿದ್ದ ಹಾಗೇ ಆಯಿತು. ಆಮೇಲೆ ಅವಳ ಹಿಂದೆ ಹೆಜ್ಜೆ ಹಾಕಿಕೊಂಡು ಬಂತು. ಗೊಣಗಲಿಲ್ಲ.

ಒಂದಿಷ್ಟು ದೂರ ನಡೆದರು. ಚಂದ್ರಿ ಕುಂಟುತ್ತಾ, ಚಿಕ್ಕಪ್ಪ ಸೀನುತ್ತಾ, ಗೊಣಗಿ ಸುಮ್ಮನೆ. ಮಂಗಳಗೌರಿ ಎರಡು ಸಲ ತಿರುಗಿ ನೋಡಿದಳು. ಒಂದು ಸಲವಾದರೂ ಹಿಂದಕ್ಕೆ ಎಳೆಯಬಾರದೇ ಎನ್ನಿಸಿತು. ಎಳೆದಿದ್ದರೆ ಬೈಯಬಹುದಿತ್ತು, ಹಟಮಾರಿ ಎನ್ನಬಹುದಿತ್ತು. ಹೀಗೆ ಬಂದರೆ ಏನು ಮಾಡುವುದು?

ಹಡ್ಲಿನ ಅಂಚಿಗೆ ಬಂದಾಗ ನಿಂತಳು. ಗಂಟು ಬಿಚ್ಚಲು ಶುರು ಮಾಡಿದಳು. ಅವಳು ಯಾವಾಗಲೂ ಗಂಟನ್ನು ಚೆನ್ನಾಗಿಯೇ ಹಾಕುತ್ತಿದ್ದಳು. ಅದು ಬೇಗ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಹಲ್ಲು ಹಾಕಬೇಕಾಯಿತು.

"ಏನೇ ಮಾಡ್ತಿದ್ದೀ?"

"ಕುಂಟು ವಾಸಿಯಾಯ್ತು ಚಿಕ್ಕಪ್ಪ."

"ಈಗ್ತಾನೆ ಕುಂಟ್ತಿತ್ತು?"

"ಈಗ್ತಾನೆ ವಾಸಿಯಾಯ್ತು."

ಚಿಕ್ಕಪ್ಪ ಚಿಕ್ಕಬೀರಮ್ಮನ ಕಡೆ ನೋಡಿದ. ಅವಳು ಆಕಾಶದ ಕಡೆ ನೋಡಿದಳು. "ಅಡ್ಲಿನ ಗಾಳಿ ಅಂಗೇ ಕಣ್ರೀ. ಕುಂಟಿಗೆ ಬಲು ಒಳ್ಳೇದು" ಎಂದಳು.

ಹಗ್ಗ ಬಿಚ್ಚಿದರೂ ಗೊಣಗಿ ಹೋಗಲಿಲ್ಲ. ಮಂಗಳಗೌರಿ ಅದರ ಪಕ್ಕೆಗೆ ಕೈಯಿಟ್ಟು ನೂಕಿದಳು. "ಹೋಗೇ. ಹೋಗು." ಗೊಣಗಿ ಅವಳ ಭುಜ ಮೂಸಿತು. ಅವಳು ಎರಡೂ ಕೈ ಹಾಕಿ ಮತ್ತೆ ನೂಕಿದಳು. "ಹೋಗು ಅಂದ್ರೆ ಹೋಗ್ಬೇಕಪ್ಪ!" ಹೇಳುವಾಗ ಅವಳ ದನಿ ಒಡೆದು ಹೋಯಿತು.

ಗೊಣಗಿ ನಾಲ್ಕು ಹೆಜ್ಜೆ ಹೋಗಿ ಹುಲ್ಲಿಗೆ ಬಾಯಿ ಹಾಕಿತು. ಮೇಯುತ್ತಾ ಮೇಯುತ್ತಾ ಗೊಣಗತೊಡಗಿತು. ತಲೆ ಎತ್ತಿ ನೋಡಲೂ ಇಲ್ಲ.

ಮನೆ ಮುಟ್ಟುವಾಗ ಬೈಗಾಗಿತ್ತು. ದಾರಿಯುದ್ದಕ್ಕೂ ಚಂದ್ರಿ ಚಿಕ್ಕಪ್ಪನ ಬೆನ್ನು ನೆಕ್ಕಿಕೊಂಡೇ ಬಂದಿತ್ತು. ಹಗ್ಗ ಹಿಡಿಯುವ ಕೆಲಸವೇ ಇರಲಿಲ್ಲ. ಚಿಕ್ಕಪ್ಪ ಉಪ್ಪಿನ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಅಜ್ಜಿಗೆ ಹೇಳಿದ. ಗೊಣಗಿಯ ಕುಂಟಿನ ವಿಷಯ ಮಾತ್ರ ಎರಡು ಸಲ ಹೇಳಿದ. ಅಜ್ಜಿ ಅವನ ಶರ್ಟನ್ನು ಒಂದು ಬೆರಳಿಂದ ಮುಟ್ಟಿ, ಬೆರಳನ್ನು ನಾಲಗೆಗೆ ತಾಕಿಸಿಕೊಂಡು, "ಸರಿ, ಹೋಗಿ ನೀರ್ ಹುಯ್ಕೊ" ಎಂದಳು.

ಆಮೇಲೆ ಕೊಟ್ಟಿಗೆಯ ಮುಂದೆ ಕೂತು ಚಂದ್ರಿಯ ಕಾಲಿಗೆ ಅರಿಸಿನ ಮೆತ್ತುತ್ತಾ ಕೇಳಿದಳು. "ಕಡಸಿಗೆ ಏನಾಗಿತ್ತೇ?"

"ಏನೂ ಆಗಿಲ್ಲ. ಸುಳ್ಳು ಹೇಳ್ದೆ." ಮಂಗಳಗೌರಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆದಕಿದಳು. "ಕುತ್ಗೇಲಿ ಕೂದ್ಲು ಬಂದದೆ ಅಜ್ಜಿ."

"ಎಲ್ಲಿ?"

"ಹಗ್ಗ ಇರ್ತಿತ್ತಲ್ಲ, ಅಲ್ಲಿ."

ಅರಿಸಿನ ಮೆತ್ತುತ್ತಿದ್ದ ಅಜ್ಜಿಯ ಕೈ ನಿಂತಿತು.

"ಸುಗ್ಗಿ ಆದ್ಮೇಲೆ ಮನೆಗ್ ಬತ್ತದಲ್ಲವ್ವ. ಆಗ ಕಟ್ಟದೆ ಬುಟ್ರೆ ಊರವ್ರ ಹಿತ್ಲಿಗೆಲ್ಲ ಬಾಯಾಕ್ತದೆ. ಕಟ್ಲೇಬೇಕಲ್ಲ."

"ಅಂಗಾದ್ರೆ ಹಗ್ಗ ಉದ್ದ ಮಾಡಾನ."

"ಎಷ್ಟುದ್ದ?"

ಮಂಗಳಗೌರಿ ಎರಡೂ ಕೈ ಅಗಲಿಸಿ ತೋರಿಸಿದಳು. ಸಾಲದು ಎನ್ನಿಸಿತು. ಕೊಟ್ಟಿಗೆಯ ಗೂಟದಲ್ಲಿ ಜೋತಿದ್ದ ಹಗ್ಗದ ತುದಿ ಹಿಡಿದುಕೊಂಡು ಅಂಗಳಕ್ಕೆ ನಡೆದಳು. ನೀರಿನ ಬಾನಿಯ ಹತ್ತಿರ 'ಟಕ್' ಎಂದು ಹಗ್ಗ ಮುಗಿದು ಹೋಯಿತು. ಅವಳು ಒಂದು ಗಳಿಗೆ ಅಲ್ಲೇ ನಿಂತು ಅದನ್ನು ನೋಡಿದಳು. ಆಮೇಲೆ ಹಗ್ಗವನ್ನು ಕೆಳಗೆ ಬಿಟ್ಟು, ಇನ್ನೂ ಕೈಯಲ್ಲಿ ಹಿಡಿದಿರುವವಳ ಹಾಗೆ ಮುಷ್ಟಿ ಕಟ್ಟಿಕೊಂಡು ಮುಂದೆ ನಡೆದಳು. ಹುಲ್ಲಿನ ಮೆದೆ ದಾಟಿದಳು. ತಿಪ್ಪೆ ದಾಟಿದಳು. ಬೇಲಿಯ ಬಾಗಿಲು ತೆಗೆದು ಕಾಡಿನ ಕಡೆಯ ಬೀದಿಗೆ ಇಳಿದಳು.

"ಸಾಕು ಬಾರೇ!" ಎಂದು ಅಜ್ಜಿ ಕೂಗಿದಳು. "ಅಷ್ಟುದ್ದ ಹೊಸೆಯಕ್ಕೆ ಕತ್ತಾಳೆ ಎಲ್ಲಿಂದ ತರ್ಲೇ?"

ಬೀದಿಯ ಮಬ್ಬಿನಿಂದ ಮೊಮ್ಮಗಳ ದನಿ ಬಂತು.

"ಇನ್ನೂ ಒಸಿ ದೂರ ಅದೆ ಅಜ್ಜಿ!"